ಪ್ರಮಾಣ ಮಾಡಲೊಪ್ಪದ ನ್ಯಾಯವಾದಿ: ಸಂತ ಥಾಮಸ್ ಮೋರ್

ಪ್ರತಿ ವರ್ಷ ಜೂನ್ 22ರಂದು ಧರ್ಮಸಭೆ ಇಬ್ಬರು ಇಂಗ್ಲಿಷ್ ರಕ್ತಸಾಕ್ಷಿಗಳನ್ನು ಒಟ್ಟಿಗೆ ಸ್ಮರಿಸುತ್ತದೆ. ಒಬ್ಬರು ರೋಚೆಸ್ಟರಿನ ಧರ್ಮಾಧ್ಯಕ್ಷ ಸಂತ ಜಾನ್ ಫಿಶರ್. ಇನ್ನೊಬ್ಬರು ಸಂತ ಥಾಮಸ್ ಮೋರ್: ಸಂಸಾರಿ, ವಕೀಲ, ನ್ಯಾಯಾಧೀಶ, ರಾಜನ ಮಂತ್ರಿ. ನಮ್ಮ ಕರಾವಳಿಯಲ್ಲಿ ಅದು ಮಳೆ ಜೋರಾಗಿ ಹಿಡಿಯುವ, ಮಕ್ಕಳ ಶಾಲೆ ಆಗಷ್ಟೇ ಶುರುವಾಗಿರುವ ಸಮಯ. ಹಾಗಾಗಿ ಈ ಸ್ಮರಣೆ ಹೆಚ್ಚಿನವರ ಗಮನಕ್ಕೆ ಬಾರದೆ ದಾಟಿಹೋಗುತ್ತದೆ. ಆದರೆ ಧರ್ಮಕೇಂದ್ರಗಳ ಸಭೆಗಳಲ್ಲಿ, ಯುವಜನರ ಶಿಬಿರಗಳಲ್ಲಿ ನಮ್ಮನ್ನು ಮತ್ತೆ ಮತ್ತೆ ಕೇಳುವ ಒಂದು ಪ್ರಶ್ನೆಗೆ ಈ ಸಂತರ ಬದುಕಿನಷ್ಟು ನೇರವಾದ ಉತ್ತರ ಬೇರೆ ಸಿಗುವುದು ಕಷ್ಟ. ಕ್ರೈಸ್ತನು ನಾಡಿನ ಕಾನೂನಿಗೆ ಎಲ್ಲಿಯವರೆಗೆ ವಿಧೇಯನಾಗಿರಬೇಕು? ಅಧಿಕಾರಿಗಳಿಗೆ ಅಧೀನರಾಗಿರಿ ಎಂದು ಸಂತ ಪೌಲರು ರೋಮನರಿಗೆ ಬರೆದ ಪತ್ರದ ಹದಿಮೂರನೆಯ ಅಧ್ಯಾಯದಲ್ಲಿ ಬೋಧಿಸುತ್ತಾರೆ. ಮನುಷ್ಯರಿಗಿಂತ ಹೆಚ್ಚಾಗಿ ದೇವರಿಗೆ ವಿಧೇಯರಾಗಬೇಕು ಎಂದು ಪೇತ್ರರೂ ಇತರ ಪ್ರೇಷಿತರೂ ನ್ಯಾಯಸಭೆಯ ಎದುರೇ ಹೇಳಿದರು. ಎರಡೂ ಪವಿತ್ರ ಗ್ರಂಥದ ಬೋಧನೆಯೇ. ಇವೆರಡನ್ನೂ ಒಬ್ಬನೇ ಮನುಷ್ಯ ಪಾಲಿಸುವುದು ಹೇಗೆ?

ಥಾಮಸ್ ಮೋರ್ 1478ರ ಸುಮಾರಿಗೆ ಲಂಡನ್ ನಗರದಲ್ಲಿ ಹುಟ್ಟಿದರು. ತಂದೆ ಜಾನ್ ಮೋರ್ ವಕೀಲರು, ಮುಂದೆ ನ್ಯಾಯಾಧೀಶರಾದವರು. ಬಾಲಕ ಥಾಮಸ್ ಮೊದಲು ಸಂತ ಅಂತೋನಿಯವರ ಹೆಸರಿನ ಶಾಲೆಯಲ್ಲಿ ಕಲಿತು, ಬಳಿಕ ಕ್ಯಾಂಟರ್‌ಬರಿಯ ಮಹಾಧರ್ಮಾಧ್ಯಕ್ಷ ಜಾನ್ ಮಾರ್ಟನ್ ಅವರ ಮನೆಯಲ್ಲಿ ಊಳಿಗದ ಹುಡುಗನಾಗಿ ಸೇರಿದರು. ಮಾರ್ಟನ್ ಆಗ ರಾಜ್ಯದ ಚಾನ್ಸಲರ್ ಕೂಡ ಆಗಿದ್ದರು. ಹುಡುಗನ ಚುರುಕು ಬುದ್ಧಿಯನ್ನು ಕಂಡು ಅವರೇ ಆಕ್ಸ್‌ಫರ್ಡಿಗೆ ಕಳುಹಿಸಿದರು. ಸುಮಾರು ಎರಡು ವರ್ಷ ಅಲ್ಲಿ ಲ್ಯಾಟಿನ್ ಮೊದಲಾದ ವಿದ್ಯೆಗಳನ್ನು ಕಲಿತ ಮಗನನ್ನು ತಂದೆ ವಾಪಸು ಕರೆಸಿ ಕಾನೂನು ಓದಲು ಹಾಕಿದರು. 1496ರಲ್ಲಿ ಲಂಡನ್ನಿನ ಲಿಂಕನ್ಸ್ ಇನ್ ಎಂಬ ವಕೀಲರ ಸಂಸ್ಥೆಗೆ ಅವರು ಸೇರಿದರು.

ಆ ವರ್ಷಗಳಲ್ಲಿ ಅವರಿಗೆ ಸನ್ಯಾಸದ ಸೆಳೆತವೂ ಇತ್ತು. ಲಂಡನ್ನಿನ ಕಾರ್ಥೂಸಿಯನ್ ಮಠದ ಒಡನಾಟದಲ್ಲಿ, ವ್ರತ ತೆಗೆದುಕೊಳ್ಳದೆ, ಸುಮಾರು ನಾಲ್ಕು ವರ್ಷ ಪ್ರಾರ್ಥನೆ ಉಪವಾಸಗಳಲ್ಲಿ ಕಳೆದರು. ಕೊನೆಗೆ ತನಗೆ ದೇವರು ಕೊಟ್ಟಿರುವ ಕರೆ ಸಂಸಾರದ್ದು ಎಂದು ತೀರ್ಮಾನಿಸಿದರು. ಸೆಮಿನರಿಯಲ್ಲಿ ಓದುವಾಗ ಈ ಭಾಗವನ್ನು ನಾವು ಬೇಗ ದಾಟಿಸಿಬಿಡುತ್ತಿದ್ದೆವು, ಗುರುವಾಗದವನ ಕತೆ ನಮಗೇಕೆ ಎಂಬ ಭಾವನೆಯಿಂದ. ಈಗ ಅನಿಸುವುದೇ ಬೇರೆ. ಮಠದಲ್ಲಿ ಕಲಿತದ್ದನ್ನು ಅವರು ಕೋರ್ಟಿಗೂ ಅರಮನೆಗೂ ಹೊತ್ತುಕೊಂಡು ಹೋದರು. ಮಂತ್ರಿಯ ರೇಷ್ಮೆ ಅಂಗಿಯ ಒಳಗೆ ಒರಟು ಕೂದಲಿನ ತಪಸ್ಸಿನ ಅಂಗಿ ತೊಡುತ್ತಿದ್ದರು. ಅದು ಹಿರಿಯ ಮಗಳು ಮಾರ್ಗರೆಟಳಿಗೆ ಮಾತ್ರ ಚೆನ್ನಾಗಿ ಗೊತ್ತಿದ್ದ ವಿಷಯ.

ಜೇನ್ ಕೋಲ್ಟ್ ಅವರೊಡನೆ ಮದುವೆಯಾಗಿ ಮಾರ್ಗರೆಟ್, ಎಲಿಜಬೆತ್, ಸಿಸಿಲಿ ಮತ್ತು ಜಾನ್ ಎಂಬ ನಾಲ್ಕು ಮಕ್ಕಳಾದರು. 1511ರಲ್ಲಿ ಜೇನ್ ತೀರಿಕೊಂಡರು. ಪುಟ್ಟ ಮಕ್ಕಳನ್ನು ನೋಡಿಕೊಳ್ಳುವವರು ಬೇಕಾಗಿತ್ತು. ಬಹು ಬೇಗನೆ ತನಗಿಂತ ಹಿರಿಯರಾದ ಆಲಿಸ್ ಎಂಬ ವಿಧವೆಯನ್ನು ಅವರು ಮದುವೆಯಾದರು. ಆ ಮನೆಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಗನಷ್ಟೇ ಶಿಕ್ಷಣ. ಲ್ಯಾಟಿನ್, ಗ್ರೀಕ್, ತರ್ಕಶಾಸ್ತ್ರ ಎಲ್ಲವೂ. ಹೆಣ್ಣುಮಕ್ಕಳಿಗೆ ಓದು ಏಕೆ ಎನ್ನುತ್ತಿದ್ದ ಕಾಲದಲ್ಲಿ ಮಾರ್ಗರೆಟಳ ಲ್ಯಾಟಿನ್ ಬರವಣಿಗೆಯನ್ನು ವಿದ್ವಾಂಸರು ಮೆಚ್ಚಿಕೊಂಡಿದ್ದರು. ಯೂರೋಪಿನ ದೊಡ್ಡ ಪಂಡಿತ ಇರಾಸ್ಮಸ್ ಈ ಮನೆಯ ಅತಿಥಿ, ಮೋರ್ ಅವರ ಆತ್ಮೀಯ ಸ್ನೇಹಿತ. 1516ರಲ್ಲಿ ಮೋರ್ ಬರೆದ ಯುಟೋಪಿಯಾ ಎಂಬ ಲ್ಯಾಟಿನ್ ಪುಸ್ತಕ ಇಂದಿಗೂ ಕಾಲೇಜುಗಳಲ್ಲಿ ಪಾಠವಾಗುತ್ತಿದೆ.

ಕಾನೂನು ಅವರ ಕಸುಬು ಮಾತ್ರವಾಗಿರಲಿಲ್ಲ, ಅದರ ಮೇಲೆ ಅವರಿಗೆ ನಿಜವಾದ ಗೌರವವಿತ್ತು. 1510ರಿಂದ ಲಂಡನ್ ನಗರದ ಅಂಡರ್ ಷೆರಿಫ್ ಆಗಿ ನ್ಯಾಯ ತೀರ್ಮಾನ ಮಾಡಿದರು. 1523ರಲ್ಲಿ ಪಾರ್ಲಿಮೆಂಟಿನ ಕೆಳಮನೆಯ ಸ್ಪೀಕರ್ ಆದಾಗ, ಸದಸ್ಯರು ಹೆದರಿಕೆಯಿಲ್ಲದೆ ಮನಸ್ಸಿನ ಮಾತನ್ನು ಆಡಲು ಅವಕಾಶ ಕೊಡಬೇಕೆಂದು ರಾಜನನ್ನು ವಿನಂತಿಸಿಕೊಂಡರು. ಪಾರ್ಲಿಮೆಂಟುಗಳ ವಾಕ್‌ಸ್ವಾತಂತ್ರ್ಯದ ಇತಿಹಾಸದಲ್ಲಿ ಆ ವಿನಂತಿಗೆ ಒಂದು ಸ್ಥಾನವಿದೆ. 1529ರ ಅಕ್ಟೋಬರಿನಲ್ಲಿ ಕಾರ್ಡಿನಲ್ ವೂಲ್ಸಿ ಪದಚ್ಯುತರಾದಾಗ ಎಂಟನೆಯ ಹೆನ್ರಿ ರಾಜ ಅವರನ್ನೇ ಲಾರ್ಡ್ ಚಾನ್ಸಲರ್ ಆಗಿ ನೇಮಿಸಿದ. ರಾಜ್ಯದ ಅತ್ಯುನ್ನತ ನ್ಯಾಯಪೀಠ ಅದು.

ಚಾನ್ಸಲರ್ ಆಗಿ ಅವರು ಹೇಗಿದ್ದರು ಎಂಬುದನ್ನು ಅಳಿಯ ವಿಲಿಯಂ ರೋಪರ್ ಬರೆದಿಟ್ಟಿದ್ದಾರೆ. ಪ್ರತಿದಿನ ತಮ್ಮ ಕೋರ್ಟಿಗೆ ಹೋಗುವ ಮೊದಲು, ಅದೇ ವೆಸ್ಟ್‌ಮಿನ್‌ಸ್ಟರ್ ಸಭಾಂಗಣದಲ್ಲಿ ಕೆಳಗಿನ ಪೀಠದಲ್ಲಿ ಕುಳಿತಿರುತ್ತಿದ್ದ ಮುದಿ ತಂದೆಯ ಎದುರು ಎಲ್ಲರೂ ನೋಡುವಂತೆ ಮೊಣಕಾಲೂರಿ ಆಶೀರ್ವಾದ ಬೇಡುತ್ತಿದ್ದರು. ಒಮ್ಮೆ ಹೊಸ ವರ್ಷದ ದಿನ ವಿಧವೆಯೊಬ್ಬರು ತಮ್ಮ ಮೊಕದ್ದಮೆ ಗೆದ್ದ ಸಂತೋಷಕ್ಕೆ ಒಂದು ಜೊತೆ ಕೈಚೀಲಗಳನ್ನು, ಅಂದರೆ ಗ್ಲೌಸುಗಳನ್ನು, ತಂದುಕೊಟ್ಟರು. ಒಳಗೆ 40 ಪೌಂಡಿನ ಚಿನ್ನದ ನಾಣ್ಯಗಳು. ಹೆಂಗಸು ಪ್ರೀತಿಯಿಂದ ಕೊಟ್ಟ ಉಡುಗೊರೆಯನ್ನು ಬೇಡವೆನ್ನುವುದು ಮರ್ಯಾದೆಯಲ್ಲ ಎಂದು ಗ್ಲೌಸುಗಳನ್ನು ಇಟ್ಟುಕೊಂಡು, ನಾಣ್ಯಗಳನ್ನು ಹಿಂದಿರುಗಿಸಿದರು. ಅವರ ಕಾಲದಲ್ಲಿ ಬಾಕಿ ಉಳಿದಿದ್ದ ಮೊಕದ್ದಮೆಗಳೆಲ್ಲ ಮುಗಿದು, ಒಂದು ದಿನ ಇನ್ನು ಕರೆಯಲು ಕೇಸೇ ಇಲ್ಲ ಎಂಬ ಸ್ಥಿತಿ ಬಂತೆಂದು ಲಂಡನ್ನಿನ ಜನ ಬಹುಕಾಲ ನೆನಪಿಸಿಕೊಳ್ಳುತ್ತಿದ್ದರು. ಕೋರ್ಟು ಕಚೇರಿಗೆ ಅಲೆದು ಚಪ್ಪಲಿ ಸವೆಸಿಕೊಂಡ ನಮ್ಮ ಓದುಗರಿಗೆ ಇದರ ಬೆಲೆ ಹೇಳಬೇಕಾಗಿಲ್ಲ.

ಸಂತರ ಚರಿತ್ರೆ ಎಂದ ಮಾತ್ರಕ್ಕೆ ಒಂದು ಕಪ್ಪು ಪುಟವನ್ನು ಮುಚ್ಚಿಡಲಾಗದು. ಆ ಕಾಲದ ಇಂಗ್ಲೆಂಡಿನಲ್ಲಿ ಪಾಷಂಡ ಬೋಧನೆ ನಾಡಿನ ಕಾನೂನಿನ ಪ್ರಕಾರವೂ ಅಪರಾಧ. ಮೋರ್ ಚಾನ್ಸಲರ್ ಆಗಿದ್ದ ಅವಧಿಯಲ್ಲಿ ಆರು ಮಂದಿಯನ್ನು ಈ ಕಾರಣಕ್ಕೆ ಜೀವಂತ ಸುಡಲಾಯಿತು. ಆ ಕಾನೂನನ್ನು ಮೋರ್ ತಮ್ಮ ಬರಹಗಳಲ್ಲಿ ಬಲವಾಗಿ ಸಮರ್ಥಿಸಿದರು. ಕೆಲವರ ಬಂಧನದಲ್ಲಿ ಅವರ ಕೈಯೂ ಇತ್ತು. ಮುಂದೆ ತನ್ನ ಮನಸ್ಸಾಕ್ಷಿಗೆ ಯಾವ ಗೌರವವನ್ನು ಅವರು ಬೇಡಿದರೋ ಅದನ್ನು ಆ ಜನರಿಗೆ ಅವರು ಕೊಟ್ಟಿರಲಿಲ್ಲ. 2000ದಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರು ಮೋರ್ ಅವರನ್ನು ರಾಜಕಾರಣಿಗಳ ಪಾಲಕ ಸಂತರೆಂದು ಘೋಷಿಸಿದಾಗಲೂ, ಈ ವಿಷಯದಲ್ಲಿ ಅವರು ತಮ್ಮ ಕಾಲದ ಮಿತಿಗಳಿಗೆ ಒಳಗಾಗಿದ್ದರೆಂದು ಆ ಪತ್ರದಲ್ಲೇ ಒಪ್ಪಿಕೊಂಡರು. ಸಂತರೂ ಕಾನೂನನ್ನು ಪಾಲಿಸುತ್ತಲೇ ತಪ್ಪಬಲ್ಲರು ಎಂಬುದು ನಮ್ಮ ಪ್ರಶ್ನೆಯ ಒಂದು ಭಾಗವೇ.

ಈಗ ರಾಜನ ವಿಷಯಕ್ಕೆ ಬರೋಣ. ಎಂಟನೆಯ ಹೆನ್ರಿ 1509ರಲ್ಲಿ ಅರಗಾನಿನ ರಾಜಕುಮಾರಿ ಕ್ಯಾಥರಿನ್ ಅವರನ್ನು ಮದುವೆಯಾದ. ಆಕೆ ಅವನ ತೀರಿಹೋದ ಅಣ್ಣ ಆರ್ಥರನ ವಿಧವೆ. ಆದ್ದರಿಂದ ಪೋಪ್ ಎರಡನೆಯ ಜೂಲಿಯಸ್ ಅವರ ವಿಶೇಷ ಅನುಮತಿ ಪಡೆದೇ ಈ ವಿವಾಹ ನಡೆದಿತ್ತು. ಉಳಿದದ್ದು ಮೇರಿ ಎಂಬ ಒಬ್ಬಳೇ ಮಗಳು. ಗಂಡು ಉತ್ತರಾಧಿಕಾರಿಯ ಚಿಂತೆ, ಆನ್ ಬೊಲಿನ್ ಎಂಬ ಯುವತಿಯ ಮೇಲಿನ ಮೋಹ, ಅಣ್ಣನ ಹೆಂಡತಿಯನ್ನು ವರಿಸಿದವನಿಗೆ ಸಂತಾನವಿರದು ಎಂಬ ಯಾಜಕಕಾಂಡದ ಮಾತು, ಈ ಮೂರೂ ಸೇರಿ ತನ್ನ ಮದುವೆ ಮೊದಲಿನಿಂದಲೂ ಅಸಿಂಧುವೆಂದು ರಾಜ ಹಟ ಹಿಡಿದ. ರೋಮ್ ಒಪ್ಪಲಿಲ್ಲ. ಇದೇ ಹೆನ್ರಿ 1521ರಲ್ಲಿ ಏಳು ಸಂಸ್ಕಾರಗಳನ್ನು ಸಮರ್ಥಿಸಿ ಪುಸ್ತಕ ಬರೆದು ಪೋಪರಿಂದ ವಿಶ್ವಾಸದ ರಕ್ಷಕ ಎಂಬ ಬಿರುದು ಪಡೆದವನು. ಆ ಪುಸ್ತಕದಲ್ಲಿ ಪೋಪರ ಅಧಿಕಾರವನ್ನು ಇಷ್ಟು ಎತ್ತಿ ಹಿಡಿಯುವುದು ಬೇಡ, ನಾಳೆ ರಾಜಕೀಯವಾಗಿ ತೊಡಕಾದೀತು ಎಂದು ಆಗ ಎಚ್ಚರಿಸಿದವರು ಮೋರ್! ಚರಿತ್ರೆಯಲ್ಲಿ ಇಂಥ ತಮಾಷೆಗಳು ಆಗಾಗ ಸಿಗುತ್ತವೆ.

1532ರ ಮೇ 15ರಂದು ಇಂಗ್ಲೆಂಡಿನ ಗುರುವರ್ಗ ರಾಜನ ಒತ್ತಡಕ್ಕೆ ಮಣಿದು, ಅವನ ಒಪ್ಪಿಗೆಯಿಲ್ಲದೆ ಧರ್ಮಸಭೆಯ ಯಾವ ನಿಯಮವನ್ನೂ ಮಾಡುವುದಿಲ್ಲವೆಂದು ಬರೆದುಕೊಟ್ಟಿತು. ಮರುದಿನವೇ ಮೋರ್ ಅಧಿಕಾರದ ಮುದ್ರೆಯನ್ನು ರಾಜನಿಗೆ ಒಪ್ಪಿಸಿದರು. ಕೊಟ್ಟ ಕಾರಣ ಅನಾರೋಗ್ಯ. ಗದ್ದಲವಿಲ್ಲ, ಹೇಳಿಕೆಯಿಲ್ಲ. ಮನೆಯವರನ್ನು ಕೂರಿಸಿಕೊಂಡು ಇನ್ನು ಮುಂದೆ ವರಮಾನ ಬಹಳ ಕಡಿಮೆ ಎಂದು ತಿಳಿಸಿದರು. ಮೊದಲು ಲಿಂಕನ್ಸ್ ಇನ್ನಿನ ಊಟಕ್ಕೆ ಇಳಿಯೋಣ, ಅದೂ ಸಾಗದಿದ್ದರೆ ಆಕ್ಸ್‌ಫರ್ಡ್ ವಿದ್ಯಾರ್ಥಿಗಳ ಊಟಕ್ಕೆ, ಅದೂ ಆಗದಿದ್ದರೆ ಚೀಲ ಹಿಡಿದು ಮನೆಮನೆಯ ಬಾಗಿಲಲ್ಲಿ ಸಾಲ್ವೆ ರೆಜಿನಾ ಹಾಡುತ್ತ ಭಿಕ್ಷೆ ಬೇಡೋಣ ಎಂದು ನಗಿಸಿದರು. ಧರ್ಮಸಭೆಯ ಪರವಾಗಿ ಅವರು ಬರೆದ ಪುಸ್ತಕಗಳಿಗೆ ಕೃತಜ್ಞತೆಯಾಗಿ ಧರ್ಮಾಧ್ಯಕ್ಷರುಗಳು ಸಾವಿರಾರು ಪೌಂಡು ಕೂಡಿಸಿ ತಂದಾಗ ಒಂದು ಕಾಸನ್ನೂ ಮುಟ್ಟಲಿಲ್ಲ.

1533ರ ಜೂನ್ 1ರಂದು ಆನ್ ಬೊಲಿನ್‌ಳಿಗೆ ರಾಣಿಯ ಪಟ್ಟಾಭಿಷೇಕವಾಯಿತು. ಮೂವರು ಧರ್ಮಾಧ್ಯಕ್ಷರು ಹೊಸ ನಿಲುವಂಗಿಗೆಂದು 20 ಪೌಂಡು ಕಳುಹಿಸಿ, ತಮ್ಮೊಂದಿಗೆ ಬರಬೇಕೆಂದು ಮೋರ್ ಅವರನ್ನು ಕರೆದರು. ಹಣ ಇಟ್ಟುಕೊಂಡರು, ಪಟ್ಟಾಭಿಷೇಕಕ್ಕೆ ಹೋಗಲಿಲ್ಲ. ರಾಜ ಅದನ್ನು ಮರೆಯಲಿಲ್ಲ. ಲಂಚದ ಆರೋಪ ಹೊರಿಸಲು ನೋಡಿದರು, ನಿಲ್ಲಲಿಲ್ಲ. ರಾಜನ ವಿರುದ್ಧ ಭವಿಷ್ಯ ನುಡಿದ ಕೆಂಟಿನ ಕನ್ಯಾಸ್ತ್ರೀಯ ಪ್ರಕರಣದಲ್ಲಿ ಅವರ ಹೆಸರು ಸೇರಿಸಿದರು. ಆಕೆಗೆ ಮೋರ್ ಬರೆದಿದ್ದ ಕಾಗದದಲ್ಲಿ ರಾಜಕಾರಣದ ವಿಷಯಗಳಲ್ಲಿ ಬಾಯಿ ಹಾಕಬೇಡಿ ಎಂಬ ಬುದ್ಧಿಮಾತಿತ್ತು. ಆ ಕಾಗದದ ಪ್ರತಿಯನ್ನು ಅವರು ಜೋಪಾನವಾಗಿ ಇಟ್ಟಿದ್ದರು. ವಕೀಲರಲ್ಲವೇ!

1534ರ ವಸಂತದಲ್ಲಿ ಪಾರ್ಲಿಮೆಂಟು ಉತ್ತರಾಧಿಕಾರದ ಕಾಯಿದೆಯನ್ನು ಅಂಗೀಕರಿಸಿತು. ಸಿಂಹಾಸನ ಆನ್ ಬೊಲಿನ್‌ಳ ಮಕ್ಕಳಿಗೆ ಸಲ್ಲಬೇಕು. ಪ್ರಜೆಗಳು ಇದಕ್ಕೆ ಪ್ರಮಾಣ ಮಾಡಬೇಕು. ಏಪ್ರಿಲ್ 13ರಂದು ಲ್ಯಾಂಬೆತ್ ಅರಮನೆಗೆ ಬಂದು ಪ್ರಮಾಣ ಮಾಡುವಂತೆ ಮೋರ್ ಅವರಿಗೆ ಕರೆ ಬಂತು. ಹೊರಡುವ ದಿನ ಬೆಳಿಗ್ಗೆ ಎಂದಿನಂತೆ ಚೆಲ್ಸಿಯ ದೇವಾಲಯದಲ್ಲಿ ಪಾಪನಿವೇದನೆ ಮಾಡಿ, ಬಲಿಪೂಜೆಯಲ್ಲಿ ಪಾಲ್ಗೊಂಡರು. ಬೇರೆ ದಿನಗಳಲ್ಲಿ ಹೆಂಡತಿ ಮಕ್ಕಳು ಥೇಮ್ಸ್ ನದಿಯ ದಡದಲ್ಲಿ ದೋಣಿಯವರೆಗೂ ಬಂದು ಮುತ್ತಿಟ್ಟು ಬೀಳ್ಕೊಡುವುದು ಆ ಮನೆಯ ರೂಢಿ. ಅಂದು ತೋಟದ ಗೇಟನ್ನು ತಾವೇ ಎಳೆದು ಮುಚ್ಚಿ, ಯಾರೂ ಹಿಂದೆ ಬಾರದಂತೆ ಮಾಡಿದರು. ದೋಣಿಯಲ್ಲಿ ಬಹಳ ಹೊತ್ತು ಮಾತಿಲ್ಲ. ಆಮೇಲೆ ಜೊತೆಗಿದ್ದ ಅಳಿಯನ ಕಿವಿಯಲ್ಲಿ, ಹೋರಾಟದಲ್ಲಿ ಗೆಲುವಾಯಿತು, ದೇವರಿಗೆ ಸ್ತೋತ್ರ ಎಂಬರ್ಥದ ಮಾತು ಹೇಳಿದರು. ಗೆಲುವು ಎಂದರೆ ಯಾವುದು ಎಂದು ರೋಪರರಿಗೆ ಆಗ ತಿಳಿಯಲಿಲ್ಲ. ಮನೆಯವರ ಮೇಲಿನ ಪ್ರೀತಿ ತನ್ನನ್ನು ಹಿಂದಕ್ಕೆ ಎಳೆಯದಂತೆ ಗೆದ್ದ ಗೆಲುವು ಅದು ಎಂದು ಬಹಳ ದಿನಗಳ ಬಳಿಕ ಅರ್ಥಮಾಡಿಕೊಂಡರು.

ಲ್ಯಾಂಬೆತ್‌ನಲ್ಲಿ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮೋರ್ ಪ್ರಮಾಣಪತ್ರವನ್ನು ಓದಿದರು. ಕಾಯಿದೆಯ ಪ್ರತಿಯನ್ನೂ ಕೇಳಿ ಪಡೆದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಿದರು. ಸಿಂಹಾಸನ ಯಾರಿಗೆ ಹೋಗಬೇಕೆಂದು ತೀರ್ಮಾನಿಸುವ ಅಧಿಕಾರ ಪಾರ್ಲಿಮೆಂಟಿಗೆ ಇದೆ, ಆದ್ದರಿಂದ ಅಷ್ಟಕ್ಕೆ ಪ್ರಮಾಣ ಮಾಡಲು ಸಿದ್ಧ ಎಂದರು. ಆದರೆ ಆ ಕಾಯಿದೆಯ ಪೀಠಿಕೆಯಲ್ಲಿ ರಾಜನ ಮೊದಲ ವಿವಾಹ ಅಸಿಂಧು, ಪೋಪರು ಕೊಟ್ಟ ಅನುಮತಿಗೆ ಬೆಲೆಯಿಲ್ಲ ಎಂಬ ಮಾತುಗಳಿದ್ದವು. ಅದಕ್ಕೂ ಸೇರಿಸಿ ಪ್ರಮಾಣ ಮಾಡಿದರೆ, ತಾನು ಸತ್ಯವೆಂದು ನಂಬದ್ದಕ್ಕೆ ದೇವರನ್ನೇ ಸಾಕ್ಷಿಯಾಗಿ ಕರೆದಂತಾಗುತ್ತದೆ. ಅದು ಮಾತ್ರ ಸಾಧ್ಯವಿಲ್ಲ. ಕಾನೂನಿನಲ್ಲಿ ಪಾಲಿಸಬಹುದಾದ ಭಾಗ ಯಾವುದು, ಪಾಲಿಸಲಾಗದ ಭಾಗ ಯಾವುದು ಎಂದು ಅಕ್ಕಿಯಿಂದ ಕಲ್ಲು ಆರಿಸುವ ಹಾಗೆ ಅವರು ಬೇರ್ಪಡಿಸಿದರು. ಇಡೀ ಕಾನೂನನ್ನು ಧಿಕ್ಕರಿಸಲಿಲ್ಲ, ರಾಜನನ್ನು ಬಯ್ಯಲಿಲ್ಲ, ಪ್ರಮಾಣ ಮಾಡಿದವರನ್ನು ಖಂಡಿಸಲಿಲ್ಲ. ಅವರವರ ಮನಸ್ಸಾಕ್ಷಿ ಅವರವರಿಗೆ ಎಂದರು. ಏಕೆ ಒಪ್ಪುವುದಿಲ್ಲ ಎಂಬ ಕಾರಣವನ್ನೂ ಬಿಡಿಸಿ ಹೇಳಲಿಲ್ಲ. ಹೇಳಿದರೆ ಅದೇ ಹೊಸ ಅಪರಾಧವಾದೀತೆಂದು ಅವರಿಗೆ ತಿಳಿದಿತ್ತು.

ಪ್ರಮಾಣ ಮಾಡಿದವರ ದೊಡ್ಡ ಪಟ್ಟಿಯನ್ನು ಅವರ ಮುಂದೆ ಹಿಡಿದರು. ಧರ್ಮಾಧ್ಯಕ್ಷರುಗಳಲ್ಲಿ ಜಾನ್ ಫಿಶರ್ ಒಬ್ಬರನ್ನು ಬಿಟ್ಟು ಉಳಿದವರೆಲ್ಲರೂ ಪ್ರಮಾಣ ಮಾಡಿದರು. ಇಷ್ಟು ಜನ ಪಂಡಿತರಿಗೆ, ಇಷ್ಟು ಜನ ಗುರುಗಳಿಗೆ ಸರಿ ಎನಿಸಿದ್ದು ನಿನ್ನೊಬ್ಬನಿಗೆ ಏಕೆ ತಪ್ಪು ಎಂಬ ಪ್ರಶ್ನೆ ಮೋರ್ ಅವರನ್ನು ಕೊನೆಯವರೆಗೂ ಬೆನ್ನಟ್ಟಿತು. ಗುರುಗಳಾದ ನಮಗೆ ಇದನ್ನು ಬರೆಯುವಾಗ ಕೈ ಸ್ವಲ್ಪ ನಡುಗುತ್ತದೆ. ವಿಂಚೆಸ್ಟರಿನ ಧರ್ಮಾಧ್ಯಕ್ಷ ಸ್ಟೀಫನ್ ಗಾರ್ಡಿನರ್ 1535ರಲ್ಲಿ ನಿಜವಾದ ವಿಧೇಯತೆ ಎಂಬ ವಿಷಯದ ಮೇಲೆಯೇ ಪುಸ್ತಕ ಬರೆದು, ರಾಜನಿಗೆ ಎಲ್ಲದರಲ್ಲೂ ತಲೆಬಾಗುವುದೇ ದೇವರ ಚಿತ್ತವೆಂದು ವಾದಿಸಿದರು. ಮುಂದೆ ಮೇರಿ ರಾಣಿಯಾದಾಗ ಅದೇ ಗಾರ್ಡಿನರ್ ರೋಮಿನ ಕಡೆಗೆ ತಿರುಗಿದರು. ಆಗ ರಾಣಿಯ ಚಿತ್ತ ಹಾಗಿತ್ತು.

ಏಪ್ರಿಲ್ 17ರಂದು ಮೋರ್ ಅವರನ್ನು ಲಂಡನ್ ಟವರ್ ಸೆರೆಮನೆಗೆ ಕಳುಹಿಸಲಾಯಿತು. ಹದಿನಾಲ್ಕು ತಿಂಗಳಿಗೂ ಹೆಚ್ಚು ಕಾಲ ಅಲ್ಲೇ. ಕೈದಿಯ ಊಟದ ಖರ್ಚನ್ನು ಮನೆಯವರೇ ಕೊಡಬೇಕಾಗಿತ್ತು: ಅವರಿಗೂ ಅವರ ಸೇವಕನಿಗೂ ಸೇರಿ ವಾರಕ್ಕೆ 15 ಷಿಲಿಂಗು. ಅದಕ್ಕಾಗಿ ಆಲಿಸ್ ತಮ್ಮ ಉಡುಪುಗಳನ್ನು ಮಾರಬೇಕಾಯಿತೆಂದು ರಾಜನ ಕಾರ್ಯದರ್ಶಿ ಥಾಮಸ್ ಕ್ರಾಮ್ವೆಲ್‌ಗೆ ಬರೆದ ಕಾಗದದಿಂದ ತಿಳಿಯುತ್ತದೆ. ಆಲಿಸ್ ಸೀದಾ ಮಾತಿನ ಹೆಂಗಸು. ಸೆರೆಮನೆಗೆ ಬಂದಾಗ, ಚೆಲ್ಸಿಯಲ್ಲಿ ಚಂದದ ಮನೆ, ಪುಸ್ತಕಗಳು, ತೋಟ, ಹೆಂಡತಿ ಮಕ್ಕಳು ಎಲ್ಲ ಇರುವಾಗ, ಬುದ್ಧಿವಂತನೆನಿಸಿಕೊಂಡ ನೀನು ಇಲಿ ಹೆಗ್ಗಣಗಳ ಜೊತೆ ಇಲ್ಲೇಕೆ ಬಿದ್ದಿರುವೆ ಎಂದು ಗದರಿಸಿದರು. ಆಕೆಯನ್ನು ಅರ್ಥವಾಗದ ಹೆಂಗಸೆಂದು ಹಳೆಯ ಚರಿತ್ರೆಕಾರರು ಹಗುರವಾಗಿ ಕಾಣುತ್ತಾರೆ. ನಮಗೆ ಹಾಗನ್ನಿಸುವುದಿಲ್ಲ. ಮನೆಯ ಯಜಮಾನ ಒಂದು ತತ್ವಕ್ಕೆ ನಿಂತಾಗ ಸಂತೆಯ ಲೆಕ್ಕ, ಆಳುಗಳ ಸಂಬಳ, ಸಾಲದವರ ಬಾಯಿ ಎಲ್ಲವೂ ಹೆಂಡತಿಯ ತಲೆಯ ಮೇಲೆ ಬೀಳುತ್ತವೆ. ಆಲಿಸ್ ಗದರಿದರು, ಆದರೆ ಬಟ್ಟೆ ಮಾರಿ ಊಟ ಕಳುಹಿಸುವುದನ್ನು ನಿಲ್ಲಿಸಲಿಲ್ಲ.

ಮಾರ್ಗರೆಟಳ ಕಷ್ಟ ಬೇರೆ ಬಗೆಯದು. ದೇವರ ನಿಯಮ ಅನುಮತಿಸುವಷ್ಟರ ಮಟ್ಟಿಗೆ ಎಂಬ ಷರತ್ತು ಸೇರಿಸಿ ಅವಳು ಪ್ರಮಾಣ ಮಾಡಿದ್ದಳು. ತಂದೆಯೂ ಏನಾದರೊಂದು ದಾರಿ ಕಂಡುಕೊಂಡು ಪ್ರಮಾಣ ಮಾಡಲಿ ಎಂದು ಅತ್ತಳು, ವಾದಿಸಿದಳು. ಶತ್ರುಗಳ ಬೆದರಿಕೆಗಿಂತ ಪ್ರೀತಿಯ ಮಗಳ ಈ ಬೇಡಿಕೆ ತನ್ನನ್ನು ಹೆಚ್ಚು ನೋಯಿಸಿತೆಂದು ಮೋರ್ ಅವಳಿಗೇ ಬರೆದರು. ಆದರೂ ಅವಳ ಪ್ರಮಾಣವನ್ನು ಒಂದು ಮಾತಿನಲ್ಲೂ ಹಳಿಯಲಿಲ್ಲ. ಅವರು ಸಾವಿಗೆ ಹಾತೊರೆಯುವ ಮನುಷ್ಯನೂ ಅಲ್ಲ. ನೋವೆಂದರೆ ತನಗೆ ಭಯವೆಂದು ಒಪ್ಪಿಕೊಂಡಿದ್ದಾರೆ. ರಾತ್ರಿ ನಿದ್ದೆ ಬಾರದೆ, ಪಕ್ಕದಲ್ಲಿ ಹೆಂಡತಿ ಮಲಗಿರುವಾಗಲೇ, ಏನೇನು ಬರಬಹುದೆಂದು ಎಣಿಸಿಕೊಂಡು ನರಳಿದ್ದನ್ನು ಮಗಳಿಗೆ ಬರೆದಿದ್ದಾರೆ. ಸೆರೆಯಲ್ಲಿ ಅವರು ಬರೆಯುತ್ತಿದ್ದ ಕೊನೆಯ ಪುಸ್ತಕ ಗೆತ್ಸೆಮನಿ ತೋಟದಲ್ಲಿ ಪ್ರಭು ಯೇಸುವಿನ ಯಾತನೆಯನ್ನು ಕುರಿತದ್ದು.

1534ರ ನವೆಂಬರಿನಲ್ಲಿ ಇನ್ನೊಂದು ಕಾಯಿದೆ ಬಂತು: ರಾಜನೇ ಇಂಗ್ಲೆಂಡಿನ ಧರ್ಮಸಭೆಯ ಪರಮೋಚ್ಚ ಶಿರಸ್ಸು. ಅದರ ಹಿಂದೆಯೇ ರಾಜದ್ರೋಹದ ಹೊಸ ಕಾಯಿದೆ: ದುರುದ್ದೇಶದಿಂದ ರಾಜನ ಈ ಬಿರುದನ್ನು ಮಾತಿನಲ್ಲಿ ನಿರಾಕರಿಸಿದರೂ ಮರಣದಂಡನೆ. ಮೋರ್ ಇಲ್ಲಿ ಕಾನೂನಿನ ನೆರಳಿನಲ್ಲೇ ಆಶ್ರಯ ಪಡೆದರು. ಮಾತಾಡಿದರೆ ತಾನೇ ಅಪರಾಧ? ಅವರು ಮಾತಾಡಲಿಲ್ಲ. ಕ್ರಾಮ್ವೆಲ್ ಮತ್ತು ಇತರ ಮಂತ್ರಿಗಳು ಸೆರೆಮನೆಗೆ ಬಂದು ಮತ್ತೆ ಮತ್ತೆ ಕೇಳಿದರೂ, ಆ ವಿಷಯಗಳನ್ನು ಚರ್ಚಿಸುವುದನ್ನು ತಾನು ಬಿಟ್ಟಿದ್ದೇನೆ, ರಾಜನಿಗೆ ಕೇಡು ಬಯಸುವುದಿಲ್ಲ, ಕೇಡು ಮಾಡುವುದೂ ಇಲ್ಲ ಎಂಬಷ್ಟೇ ಉತ್ತರ. 1535ರ ಮೇ 4ರಂದು ಕಾರ್ಥೂಸಿಯನ್ ಮಠದ ಮುಖ್ಯಸ್ಥರನ್ನೂ ಇತರ ಗುರುಗಳನ್ನೂ ಮರಣದಂಡನೆಗೆ ಎಳೆದೊಯ್ದರು. ಯೌವನದಲ್ಲಿ ತಾನು ಪ್ರಾರ್ಥಿಸಿದ ಮಠದ ಆ ಸನ್ಯಾಸಿಗಳು ಹೋಗುವುದನ್ನು ಮೋರ್ ಕಿಟಕಿಯಿಂದ ನೋಡಿದರು. ಮಾರ್ಗರೆಟ್ ಪಕ್ಕದಲ್ಲಿದ್ದಳು. ಮದುವೆಗೆ ಹೋಗುವ ವರರಂತೆ ಅವರು ಹೋಗುತ್ತಿದ್ದಾರೆ ನೋಡು ಎಂದು ಮಗಳಿಗೆ ತೋರಿಸಿದರು.

ಜೂನ್ 22ರಂದು ಜಾನ್ ಫಿಶರ್ ಅವರ ಸರದಿ. 1529ರಲ್ಲೇ ಅವರು ರಾಜನ ವಿವಾಹದ ವಿಚಾರಣೆಯಲ್ಲಿ, ಸ್ನಾನಿಕ ಯೊವಾನ್ನರಂತೆ ವಿವಾಹ ಬಂಧನದ ಪಾವಿತ್ರ್ಯಕ್ಕಾಗಿ ಪ್ರಾಣ ಕೊಡಲು ತಾನೂ ಸಿದ್ಧನೆಂದಿದ್ದರು. ಪೋಪ್ ಮೂರನೆಯ ಪೌಲ್ ಅವರನ್ನು ಸೆರೆಯಲ್ಲಿದ್ದಾಗಲೇ ಕಾರ್ಡಿನಲ್ ಮಾಡಿದ್ದು ರಾಜನ ಕೋಪಕ್ಕೆ ಎಣ್ಣೆ ಸುರಿದಂತಾಯಿತು.

ಮೋರ್ ಅವರ ವಿಚಾರಣೆ ಜುಲೈ 1ರಂದು ನಡೆಯಿತು. ಅದೇ ವೆಸ್ಟ್‌ಮಿನ್‌ಸ್ಟರ್ ಸಭಾಂಗಣ, ಅವರು ತಂದೆಯ ಮುಂದೆ ಮೊಣಕಾಲೂರುತ್ತಿದ್ದ ಸ್ಥಳ. ನ್ಯಾಯಪೀಠದಲ್ಲಿ ಹೊಸ ರಾಣಿಯ ತಂದೆ, ಅಣ್ಣತಮ್ಮ ಮತ್ತು ಸೋದರಮಾವ ಕುಳಿತಿದ್ದರು. ಸೆರೆವಾಸದಿಂದ ಬಡಕಲಾಗಿ ಗಡ್ಡ ಬೆಳೆದಿದ್ದ ಕೈದಿಗೆ ಕುರ್ಚಿ ಕೊಡಲಾಯಿತು. ಮೌನವೇ ದುರುದ್ದೇಶಕ್ಕೆ ಸಾಕ್ಷಿ ಎಂದು ಸರಕಾರಿ ಪಕ್ಷ ವಾದಿಸಿತು. ಮೌನವೆಂದರೆ ಒಪ್ಪಿಗೆ ಎಂಬುದೇ ಕಾನೂನಿನ ಸೂತ್ರ, ನನ್ನ ಮೌನದಿಂದ ಏನಾದರೂ ಊಹಿಸುವುದಿದ್ದರೆ ಒಪ್ಪಿಗೆಯನ್ನೇ ಊಹಿಸಬೇಕು ಎಂದು ಮೋರ್ ಉತ್ತರಿಸಿದರು. ಆ ವಾದಕ್ಕೆ ಪ್ರತಿವಾದ ಇರಲಿಲ್ಲ.

ಆಗ ಸಾಲಿಸಿಟರ್ ಜನರಲ್ ರಿಚರ್ಡ್ ರಿಚ್ ಸಾಕ್ಷಿಕಟ್ಟೆಗೆ ಬಂದ. ಜೂನ್ 12ರಂದು ಮೋರ್ ಅವರ ಪುಸ್ತಕಗಳನ್ನು ಕಿತ್ತುಕೊಂಡು ಹೋಗಲು ಸೆರೆಮನೆಗೆ ಬಂದಿದ್ದವನು ಅವನು. ವಕೀಲರು ತಮ್ಮೊಳಗೆ ಕಲ್ಪಿತ ಪ್ರಶ್ನೆಗಳನ್ನಿಟ್ಟು ವಾದಿಸುವಂತೆ ಆಗ ಅವರಿಬ್ಬರ ನಡುವೆ ಮಾತು ನಡೆದಿತ್ತು. ರಿಚ್‌ನನ್ನೇ ರಾಜನೆಂದು ಪಾರ್ಲಿಮೆಂಟು ಘೋಷಿಸಿದರೆ ಏನು? ದೇವರು ದೇವರಲ್ಲ ಎಂದು ಪಾರ್ಲಿಮೆಂಟು ಕಾಯಿದೆ ಮಾಡಿದರೆ ಏನು? ಆ ಮಾತಿನ ಮಧ್ಯೆ, ಪಾರ್ಲಿಮೆಂಟು ರಾಜನನ್ನು ಧರ್ಮಸಭೆಯ ಶಿರಸ್ಸಾಗಿ ಮಾಡಲಾರದು ಎಂದು ಮೋರ್ ಹೇಳಿದರೆಂದು ರಿಚ್ ಪ್ರಮಾಣ ಮಾಡಿದ. ಮೋರ್ ಅದನ್ನು ಖಡಾಖಂಡಿತವಾಗಿ ನಿರಾಕರಿಸಿದರು. ರಾಜನಿಗೂ ಮಂತ್ರಿಗಳಿಗೂ ಹೇಳದೆ ಉಳಿಸಿಕೊಂಡ ಮಾತನ್ನು, ನಂಬಿಕೆಗೆ ಯೋಗ್ಯನಲ್ಲವೆಂದು ತಾನು ಮೊದಲಿನಿಂದ ಬಲ್ಲ ಈ ಮನುಷ್ಯನಿಗೆ ಹೇಳುವೆನೆ ಎಂದು ಕೇಳಿದರು. ತಾನು ಪ್ರಮಾಣಕ್ಕೆ ಬೆಲೆ ಕೊಡದವನಾಗಿದ್ದರೆ ಆರೋಪಿಯಾಗಿ ಈ ಕುರ್ಚಿಯಲ್ಲಿ ಕೂರಬೇಕಾದ ಅಗತ್ಯವೇ ಇರಲಿಲ್ಲ ಎಂದೂ ನೆನಪಿಸಿದರು. ಪುಸ್ತಕ ಕಟ್ಟುತ್ತಿದ್ದ ಉಳಿದ ಇಬ್ಬರನ್ನು ಕರೆದಾಗ, ಕೆಲಸದ ಗಡಿಬಿಡಿಯಲ್ಲಿ ತಮಗೆ ಏನೂ ಕೇಳಿಸಲಿಲ್ಲ ಎಂದುಬಿಟ್ಟರು. ಜೂರಿ ಹದಿನೈದು ನಿಮಿಷದೊಳಗೆ ಹಿಂದಿರುಗಿ ದೋಷಿ ಎಂದಿತು.

ಚಾನ್ಸಲರ್ ಆಡ್ಲಿ ಆತುರದಲ್ಲಿ ಶಿಕ್ಷೆ ಓದಲು ಹೊರಟಾಗ ಮೋರ್ ತಡೆದರು. ತಾನು ಆ ಪೀಠದಲ್ಲಿದ್ದಾಗ ಶಿಕ್ಷೆಗೆ ಮೊದಲು ಆರೋಪಿಯನ್ನು ಏನಾದರೂ ಹೇಳುವುದಿದೆಯೇ ಎಂದು ಕೇಳುವ ಪದ್ಧತಿಯಿತ್ತು ಎಂದರು. ಈಗ ತೀರ್ಪು ಬಂದಾಗಿತ್ತು; ಮೌನದ ಆಶ್ರಯ ಇನ್ನು ಬೇಕಿರಲಿಲ್ಲ. ಮೊದಲ ಬಾರಿಗೆ ಮನಸ್ಸು ಬಿಚ್ಚಿದರು. ಧರ್ಮಸಭೆಯ ಪರಮಾಧಿಕಾರವನ್ನು ಪ್ರಭು ಕ್ರಿಸ್ತರೇ ಪೇತ್ರರಿಗೂ ಅವರ ಉತ್ತರಾಧಿಕಾರಿಗಳಿಗೂ ಕೊಟ್ಟದ್ದು, ಅದನ್ನು ಯಾವ ಲೌಕಿಕ ರಾಜನೂ ಕಾಯಿದೆಯಿಂದ ತೆಗೆದುಕೊಳ್ಳಲಾರ. ಈ ಕಾಯಿದೆ ದೇವರ ನಿಯಮಕ್ಕೆ ವಿರುದ್ಧ ಮಾತ್ರವಲ್ಲ, ಇಂಗ್ಲೆಂಡಿನ ಕಾನೂನಿಗೂ ವಿರುದ್ಧ. ಧರ್ಮಸಭೆ ಸ್ವತಂತ್ರವಾಗಿರಬೇಕೆಂದು ಮ್ಯಾಗ್ನಾ ಕಾರ್ಟಾದ ಮೊದಲಲ್ಲೇ ಬರೆದಿದೆ, ರಾಜನೂ ಪಟ್ಟಾಭಿಷೇಕದಲ್ಲಿ ಹಾಗೆಯೇ ಪ್ರಮಾಣ ಮಾಡಿದ್ದಾನೆ. ಒಂದು ರಾಜ್ಯದ ಪಾರ್ಲಿಮೆಂಟು ಇಡೀ ಕ್ರೈಸ್ತಲೋಕದ ವಿರುದ್ಧ ಕಾನೂನು ಮಾಡುವುದೆಂದರೆ ಲಂಡನ್ ನಗರ ಇಡೀ ಇಂಗ್ಲೆಂಡಿನ ವಿರುದ್ಧ ಕಾನೂನು ಮಾಡಿದಂತೆ. ಕೊನೆಗೂ ಅವರು ವಕೀಲರಾಗಿಯೇ ವಾದಿಸಿದರು. ನ್ಯಾಯಾಧೀಶರ ಬಗ್ಗೆ ಕೋಪದ ಮಾತಿಲ್ಲ. ಸ್ತೇಫನನನ್ನು ಕಲ್ಲೆಸೆದು ಕೊಂದವರ ಬಟ್ಟೆ ಕಾಯುತ್ತಿದ್ದ ಪೌಲರೂ ಆ ಸ್ತೇಫನನೂ ಈಗ ಸ್ವರ್ಗದಲ್ಲಿ ಸ್ನೇಹಿತರಾಗಿರುವಂತೆ, ನಾವೂ ಅಲ್ಲಿ ಸಂತೋಷದಿಂದ ಭೇಟಿಯಾಗೋಣ ಎಂದು ಹಾರೈಸಿದರು.

ಟವರಿಗೆ ಮರಳುವಾಗ ದಡದಲ್ಲಿ ಕಾದಿದ್ದ ಮಾರ್ಗರೆಟ್, ಆಯುಧ ಹಿಡಿದ ಕಾವಲುಗಾರರ ನಡುವೆ ನುಗ್ಗಿ ತಂದೆಯ ಕುತ್ತಿಗೆಗೆ ಜೋತುಬಿದ್ದು ಮುತ್ತಿಟ್ಟಳು. ಸ್ವಲ್ಪ ದೂರ ಹೋದವಳು ತಡೆಯಲಾರದೆ ಮತ್ತೆ ಓಡಿಬಂದಳು. ನೋಡಿದ ಜನ ಅತ್ತರು. ಜುಲೈ 5ರಂದು ಮೋರ್ ಇದ್ದಿಲಿನ ತುಂಡಿನಿಂದ ಅವಳಿಗೆ ಕೊನೆಯ ಕಾಗದ ಬರೆದರು. ನೀನು ಲೋಕದ ಮರ್ಯಾದೆಯನ್ನು ಲೆಕ್ಕಿಸದೆ ಓಡಿಬಂದು ಮುತ್ತಿಟ್ಟಾಗ ಎಂದಿಗಿಂತ ಹೆಚ್ಚು ಇಷ್ಟವಾದೆ ಎಂಬುದು ಆ ಕಾಗದದ ಒಂದು ಮಾತಿನ ಸಾರ. ಯಾರಿಗೂ ತೋರಿಸದ ಕೂದಲಿನ ಅಂಗಿಯನ್ನೂ ಅವಳಿಗೇ ಕಳುಹಿಸಿಕೊಟ್ಟರು.

ಜುಲೈ 6ರ ಬೆಳಿಗ್ಗೆ ರಾಜನ ಕಡೆಯವರು ಬಂದು, ಅಂದು ಒಂಬತ್ತು ಗಂಟೆಯೊಳಗೆ ಶಿರಚ್ಛೇದ, ವಧಾಸ್ಥಾನದಲ್ಲಿ ಹೆಚ್ಚು ಮಾತಾಡಬಾರದೆಂಬುದು ರಾಜನ ಇಚ್ಛೆ ಎಂದು ತಿಳಿಸಿದರು. ಮೋರ್ ಮಾತಾಡಬೇಕೆಂದು ಅಂದುಕೊಂಡಿದ್ದರು. ಆದರೂ ಈ ಆಜ್ಞೆಗೆ ವಿಧೇಯನಾಗುವೆನೆಂದರು. ಇದು ನಮ್ಮನ್ನು ಯಾವಾಗಲೂ ತಡೆದು ನಿಲ್ಲಿಸುವ ಘಟನೆ. ತನ್ನ ತಲೆ ತೆಗೆಯಿಸುವ ರಾಜನ ಕೊನೆಯ ಅಪ್ಪಣೆಯನ್ನೂ, ಅದರಲ್ಲಿ ಪಾಪವಿಲ್ಲವಾದ್ದರಿಂದ, ಅವರು ಪಾಲಿಸಿದರು. ಅಲುಗಾಡುವ ಮೆಟ್ಟಿಲು ಹತ್ತುವಾಗ, ಹತ್ತಲು ಕೈಹಿಡಿ, ಇಳಿಯುವುದನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಅಧಿಕಾರಿಗೆ ನಗೆಮಾತು ಹೇಳಿದರು. ಜನರಿಗೆ ಆಡಿದ್ದು ಬಹಳ ಕಡಿಮೆ: ತನಗಾಗಿ ಪ್ರಾರ್ಥಿಸಬೇಕು, ಕಥೋಲಿಕ ವಿಶ್ವಾಸಕ್ಕಾಗಿ ಸಾಯುತ್ತಿದ್ದೇನೆ, ರಾಜನ ಒಳ್ಳೆಯ ಸೇವಕನಾಗಿಯೇ ಸಾಯುತ್ತಿದ್ದೇನೆ, ಆದರೆ ಮೊದಲು ದೇವರ ಸೇವಕ. ಮೊಣಕಾಲೂರಿ ಕೀರ್ತನೆ ಪಠಿಸಿದರು, ಕೊಲ್ಲುವವನಿಗೆ ಧೈರ್ಯ ಹೇಳಿ ಚಿನ್ನದ ನಾಣ್ಯ ಕೊಟ್ಟರು. ಅಂದು ಸಂತ ಪೇತ್ರರ ಹಬ್ಬದ ಎಂಟನೆಯ ದಿನ.

ಅವರ ತಲೆಯನ್ನು ಲಂಡನ್ ಸೇತುವೆಯ ಮೇಲೆ ಗಳುವಿಗೆ ಸಿಕ್ಕಿಸಲಾಯಿತು. ಸುಮಾರು ಒಂದು ತಿಂಗಳ ನಂತರ ಮಾರ್ಗರೆಟ್ ಅದನ್ನು ಪಡೆದುಕೊಂಡು ಕಾಪಾಡಿದಳು. ಈಗ ಅದು ಕ್ಯಾಂಟರ್‌ಬರಿಯ ಸಂತ ಡನ್‌ಸ್ಟನ್ ದೇವಾಲಯದಲ್ಲಿ ರೋಪರ್ ಮನೆತನದ ಸಮಾಧಿಯಲ್ಲಿದೆ. ಆನ್ ಬೊಲಿನ್ 1536ರ ಮೇ 19ರಂದು, ಕ್ರಾಮ್ವೆಲ್ 1540ರಲ್ಲಿ, ಅದೇ ರಾಜನ ಆಜ್ಞೆಯಿಂದ ತಲೆ ಕಳೆದುಕೊಂಡರು. ರಿಚರ್ಡ್ ರಿಚ್ ಮುಂದೆ ಲಾರ್ಡ್ ಚಾನ್ಸಲರ್ ಆದ. ಧರ್ಮಸಭೆ 1886ರಲ್ಲಿ ಮೋರ್ ಅವರನ್ನು ಪುನೀತರೆಂದೂ, ಪೋಪ್ ಹನ್ನೊಂದನೆಯ ಪಿಯೂಸ್ 1935ರ ಮೇ 19ರಂದು ಫಿಶರ್ ಅವರ ಜೊತೆ ಸಂತರೆಂದೂ ಘೋಷಿಸಿದರು. ಜರ್ಮನಿಯಲ್ಲಿ ಹಿಟ್ಲರನ ಕಾನೂನುಗಳು ಬಿಗಿಯಾಗುತ್ತಿದ್ದ ವರ್ಷ ಅದು. ಆಲಿಸ್ ಅವರಿಗೆ ರಾಜನಿಂದ ವರ್ಷಕ್ಕೆ 20 ಪೌಂಡು ಜೀವನಾಂಶ ಸಿಕ್ಕಿತು; ಚೆಲ್ಸಿಯ ಮನೆ ಮಾತ್ರ ಕೈತಪ್ಪಿಹೋಯಿತು.